ಬಾಳೆಹೊನ್ನೂರು ಒಂದು ಕಡೆ, ಬೆಂಗಳೂರು ಒಂದು ಕಡೆ: ಕಾಫಿ ಮಂಡಳಿಯ ಲೆಕ್ಕಾಚಾರ

ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಯ ಯಾವ ಬೆಳೆಗಾರರ ಸಭೆಗೆ ಹೋದರೂ ‘ಬೋರ್ಡು ಏನು ಮಾಡ್ತಾ ಇದೆ?’ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ‘ಹಾಗಾದ್ರೆ ಬೋರ್ಡೇ ಬೇಡ್ವಾ?’ ಎಂದು ತಿರುಗಿ ಕೇಳಿದರೆ ಹೌದೆನ್ನುವವರು ಅಪರೂಪ. ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿರುವ ಕಾಫಿ ಮಂಡಳಿಗೆ ವ್ಯಾಪಾರ, ಬೆಳೆಗಾರರ ಏಳಿಗೆ, ವಿಜ್ಞಾನ ಈ ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವ ಹೊಣೆಯಿದೆ. ಮೂರರಲ್ಲಿ ಅದು ಬಹುಕಾಲ ಬಿಗಿಯಾಗಿ ಹಿಡಿದುಕೊಂಡದ್ದು ವ್ಯಾಪಾರವನ್ನು. ನಿಜವಾಗಿ ಬೆಲೆಯುಳ್ಳ ಕೆಲಸ ಮಾಡಿದ್ದು ವಿಜ್ಞಾನದಲ್ಲಿ.

ಮಂಡಳಿ ಹುಟ್ಟಿದ್ದು ಯುದ್ಧದ ಕಷ್ಟಕಾಲದಲ್ಲಿ. ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಕಾಫಿ ಕೇಳುವವರಿಲ್ಲದಾಗ ಬೆಳೆಗಾರರನ್ನು ಉಳಿಸಲು 1942ರ ಕಾಯ್ದೆ ಬಂತು. ಮನೆ ಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕು, ಮಾರುವುದು ಮಂಡಳಿಯ ಕೆಲಸ. ಆ ಹೊತ್ತಿಗೆ ಅದು ಸರಿಯಾದ ಏರ್ಪಾಡೇ ಆಗಿತ್ತು. ಆದರೆ ಯುದ್ಧ ಮುಗಿದ ಮೇಲೂ ಅರ್ಧ ಶತಮಾನದಷ್ಟು ಕಾಲ ಅದೇ ನಡೆಯಿತು. ಬೆಳೆಗಾರ ಕಾಫಿ ಒಪ್ಪಿಸುವ ದಿನ ತನಗೆ ಎಷ್ಟು ಸಿಗುತ್ತದೆಂದು ತಿಳಿಯುತ್ತಿರಲಿಲ್ಲ. ಪಾಯಿಂಟ್ ಲೆಕ್ಕದಲ್ಲಿ, ಕಂತುಕಂತಾಗಿ ಹಣ ಬರುತ್ತಿತ್ತು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿತ್ತು. ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ದು, ಅದೇ ದಿನ ಪಲ್ಪ್ ಮಾಡಿ, ಕಣದಲ್ಲಿ ಜತನದಿಂದ ಒಣಗಿಸಿದ ಪಾರ್ಚ್‌ಮೆಂಟ್ ಕೂಡ ದರ್ಜೆಯ ಹೆಸರು ಹೊತ್ತು ಉಳಿದವರ ಕಾಫಿಯ ಜೊತೆ ಒಂದೇ ರಾಶಿಗೆ ಸೇರುತ್ತಿತ್ತು. ತೋಟದ ಹೆಸರು ಅಲ್ಲಿಗೇ ಅಳಿಸಿಹೋಗುತ್ತಿತ್ತು. ಬಾಬಾಬುಡನ್‌ಗಿರಿಯಂಥ ಕಾಫಿ ಬೆಳೆಯುವ ನಾಡು ಒಳ್ಳೆಯ ಕಾಫಿಗೆ ಹೆಸರಾಗಲು ಇಷ್ಟು ತಡವಾದದ್ದರಲ್ಲಿ ಈ ಪದ್ಧತಿಯ ಪಾಲು ದೊಡ್ಡದು.

1992ರಿಂದ ಬಿಗಿ ಸಡಿಲವಾಗುತ್ತಾ ಬಂದು 1996ರ ಹೊತ್ತಿಗೆ ಪೂಲ್ ಪೂರ್ತಿ ನಿಂತಿತು. ಕೆಲವೇ ವರ್ಷಗಳಲ್ಲಿ ಜಾಗತಿಕ ಬೆಲೆ ನೆಲಕಚ್ಚಿದಾಗ ‘ಪೂಲೇ ಇದ್ದಿದ್ರೆ’ ಎಂದು ಕೊರಗಿದವರಿದ್ದಾರೆ. ಅವರ ಸಂಕಟ ನಿಜ, ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲಿ, ರೋಬಸ್ಟಾದ ಬೆಲೆ ಲಂಡನ್ನಿನಲ್ಲಿ ನಿಲ್ಲುತ್ತದೆ. ಬೆಳೆದದ್ದರಲ್ಲಿ ಹೆಚ್ಚಿನ ಪಾಲನ್ನು ಹೊರದೇಶಕ್ಕೆ ಮಾರುವ ನಮ್ಮ ಪೂಲ್‌ಗೆ ಆ ಕುಸಿತವನ್ನು ತಡೆಯಲಾಗುತ್ತಿರಲಿಲ್ಲ. ಮಂಡಳಿಯ ವ್ಯಾಪಾರದ ದಿನಗಳಿಂದ ನೆನೆಯಬೇಕಾದ ಒಳ್ಳೆಯದೊಂದಿದೆ, ಕಾಫಿ ಹೌಸ್. ಅದನ್ನೂ 1950ರ ದಶಕದಲ್ಲಿ ಮಂಡಳಿ ಕೈಬಿಟ್ಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಉಳಿಸಿಕೊಂಡರು.

ಇನ್ನು ವಿಜ್ಞಾನದ ಮಾತಿಗೆ ಬಂದರೆ ಬಾಳೆಹೊನ್ನೂರು. ಎಲೆ ತುಕ್ಕು ರೋಗಕ್ಕೆ ತೋಟಗಳು ತತ್ತರಿಸುತ್ತಿದ್ದಾಗ ಮೈಸೂರು ಸರ್ಕಾರ 1925ರಲ್ಲಿ, ಕೃಷಿ ನಿರ್ದೇಶಕ ಡಾ. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಅಲ್ಲಿ ಪ್ರಯೋಗ ಕೇಂದ್ರ ತೆರೆಯಿತು. 1940ರ ದಶಕದಲ್ಲಿ ಅದು ಮಂಡಳಿಯ ಕೈಗೆ ಬಂತು. ಮೂಡಿಗೆರೆ ಸೀಮೆಯ ತೋಟವೊಂದರಲ್ಲಿ ಆರಿಸಿದ ಕೆಂಟ್ಸ್ ತಳಿಯನ್ನು ಎಸ್.288 ಎಂಬ ತಳಿಯ ಜೊತೆ ಬೆರೆಸಿ ಅಲ್ಲಿ ಹುಟ್ಟಿಸಿದ ಎಸ್.795 ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿದೆ, ಇಂಡೋನೇಷ್ಯಾದಲ್ಲೂ ಬೆಳೆಯುತ್ತಾರೆ. ಎಂಟು ದಶಕ ಬಾಳುವ ಗಿಡ ಕೊಟ್ಟದ್ದು ಸಣ್ಣ ಸಾಧನೆಯಲ್ಲ. ಆಮೇಲೆ ಬಂದ ಕಾವೇರಿ ತಳಿ ಗಿಡ್ಡ, ಫಸಲು ಹೆಚ್ಚು. ಬೆಳೆಗಾರರು ಆಸೆಪಟ್ಟು ಹಾಕಿದರು, ತುಕ್ಕನ್ನು ತಡೆಯುವ ಅದರ ಶಕ್ತಿ ಬೇಗ ಸೋತಿತು. 2007ರಲ್ಲಿ ಚಂದ್ರಗಿರಿ ಬಂತು. ಕಾಫಿ ಗಿಡ ಫಸಲು ಕೊಡಲೇ ಮೂರು ನಾಲ್ಕು ವರ್ಷ ಬೇಕು. ಹಲವು ತಲೆಮಾರು ನೋಡಿ ಒಂದು ತಳಿ ಗಟ್ಟಿ ಎನ್ನಲು ವಿಜ್ಞಾನಿಯೊಬ್ಬನ ಇಡೀ ಸೇವಾವಧಿ ಹಿಡಿದೀತು. ಇಂಥ ಕಡೆ ಒಂದು ಹುದ್ದೆ ಖಾಲಿ ಬಿದ್ದರೆ ಹೋಗುವುದು ಒಂದು ವರ್ಷದ ಕೆಲಸ ಮಾತ್ರವಲ್ಲ.

ಅರೇಬಿಕಾದ ದೊಡ್ಡ ಶತ್ರು ಬಿಳಿ ಕಾಂಡಕೊರಕ. ತೋಟದವರ ಬಾಯಲ್ಲಿ ಬರೀ ಬೋರರ್. ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್ ಅದರ ಹಾರಾಟದ ಕಾಲ. ಹೆಣ್ಣು ದುಂಬಿ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೆ ಕೊರೆಯುತ್ತಾ ಹೋಗುತ್ತದೆ. ಹೊರಗೆ ಕಾಣುವುದು ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿಗೆ ತಿರುಗಿದ ಎಲೆ. ಅಷ್ಟು ಕಂಡಮೇಲೆ ಗಿಡ ಕಿತ್ತು ಸುಡುವುದೇ ದಾರಿ. ಮಂಡಳಿಯ ಸಲಹೆ ಸ್ಪಷ್ಟವಾಗಿದೆ: ನೆರಳು ಕಾಪಾಡಿ, ಹಾರಾಟಕ್ಕೆ ಮುಂಚೆ ಕಾಂಡದ ಸಡಿಲ ತೊಗಟೆಯನ್ನು ನಾರಿನಿಂದ ಉಜ್ಜಿ ತೆಗೆಯಿರಿ, ಸುಣ್ಣದ ನೀರು ಹೊಡೆಯಿರಿ. ವಿಜ್ಞಾನ ಸರಿ. ಆದರೆ ಒಂದೊಂದೇ ಗಿಡದ ಬುಡಕ್ಕೆ ಬಗ್ಗಿ ಉಜ್ಜುವ ಈ ಕೆಲಸಕ್ಕೆ ಆಳು ಬೇಕು. ಎರಡನೆಯ ಹಾರಾಟದ ಹೊತ್ತಿಗೆ ಅರೇಬಿಕಾ ಕೊಯ್ಲೂ ಬಂದಿರುತ್ತದೆ. ಎರಡು ಮೂರು ಎಕರೆಯವನು ಕೊಯ್ಲಿಗೇ ಆಳು ಸಿಗದೆ ಪರದಾಡುವಾಗ ಗಿಡ ಉಜ್ಜಿಸುವುದು ಯಾರಿಂದ? ಹೀಗೇ ಬೇಸತ್ತು ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದವರು ಎಷ್ಟೋ ಮಂದಿ. ದೇಶದ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಸಣ್ಣ ಹಿಡುವಳಿದಾರರು. ರೈಟರು, ಮೇಸ್ತ್ರಿ, ಲೈನ್ ಮನೆಗಳಿರುವ ದೊಡ್ಡ ಎಸ್ಟೇಟನ್ನು ಮನಸ್ಸಿನಲ್ಲಿಟ್ಟು ಕೊಟ್ಟ ಸಲಹೆ ಇವರ ಅಂಗಳದಲ್ಲಿ ಕಾಗದವಾಗಿಯೇ ಉಳಿಯುತ್ತದೆ. ಮಂಡಳಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ.

ಈಚಿನ ದಿನಗಳಲ್ಲಿ ಬೆಂಗಳೂರಿನ ಕಚೇರಿ ಚುರುಕಾಗಿದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳೂ ಸೇರಿ ಐದು ಕಾಫಿಗಳಿಗೆ ಭೌಗೋಳಿಕ ಸೂಚಕ ಸಿಕ್ಕಿತು. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಒಳ್ಳೆಯದೇ. ಆದರೆ ಸಣ್ಣ ಬೆಳೆಗಾರ ಚೆರ್ರಿಯನ್ನು 50 ಕೆ.ಜಿ. ಮೂಟೆ ಕಟ್ಟಿ ಊರಿನ ವ್ಯಾಪಾರಿಗೆ ಹಾಕುವವರೆಗೆ ಆ ಸೂಚಕದ ಲಾಭ ಅವನ ಕೈಗೆ ಬರುವುದಿಲ್ಲ. ಕಾಡು ಕಡಿದ ನೆಲದ ಕಾಫಿ ಬೇಡ ಎಂದು ಯುರೋಪಿನ ಒಕ್ಕೂಟ 2023ರಲ್ಲಿ ನಿಯಮ ತಂದಿದೆ. ನೆರಳಿನಡಿ ಕಾಫಿ ಬೆಳೆಯುವ ನಮಗೆ ಇದು ಅನುಕೂಲವೇ ಆಗಬೇಕು. ಆದರೂ ಆ ನಿಯಮ ಜಾರಿಯಾದ ಮೇಲೆ ತೋಟ ಎಲ್ಲಿದೆ ಎಂಬ ದಾಖಲೆ ಒದಗಿಸದೆ ಅಲ್ಲಿ ಮಾರುವಂತಿಲ್ಲ. ಆ ದಾಖಲೆ ಮಾಡಿಕೊಡಲು ಬೆಳೆಗಾರನ ಮನೆಬಾಗಿಲಿಗೆ ಹೋಗಬೇಕಾದವರು ಮಂಡಳಿಯ ಲೈಸನ್ ಅಧಿಕಾರಿಗಳೇ.

1942ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತರುವ ಕರಡು 2022ರಲ್ಲಿ ಹೊರಬಂತು. ಆ ಚರ್ಚೆ ಮತ್ತೆ ಎದ್ದಾಗ ಬೆಳೆಗಾರರ ಸಂಘಗಳು ಸಬ್ಸಿಡಿಗಿಂತ ಮೊದಲು ಎರಡು ಸಂಗತಿಯನ್ನು ಪಟ್ಟುಹಿಡಿದು ಕೇಳಬೇಕು. ಬಾಳೆಹೊನ್ನೂರಿನ ವಿಜ್ಞಾನಿಗಳ ಹುದ್ದೆ ಒಂದೂ ಖಾಲಿ ಇರಬಾರದು. ಸಣ್ಣ ತೋಟಗಳಿರುವ ಹೋಬಳಿಗಳಲ್ಲಿ ಬೋರರ್ ಗಿಡ ಹುಡುಕಿ ಕೀಳುವ, ಕಾಂಡ ಉಜ್ಜುವ ಕೆಲಸಕ್ಕೆ ಮಂಡಳಿಯೇ ತರಬೇತಾದ ತಂಡಗಳನ್ನು ಕಟ್ಟಿಕೊಡಬೇಕು.