ಚಂದ್ರಾ ಬಾಯಿ ಬಿಡಬಾರದಿತ್ತೇ?

ಎಂ. ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’ಯನ್ನು ಓದಿದವರಿಗಿಂತ ನೋಡಿದವರೇ ಹೆಚ್ಚು. 1969ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರು. ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ತಾಯಂದಿರ ಪಾಲಿಗೆ ಚಂದ್ರಾ ಎಂದರೆ ಕಲ್ಪನಾ. ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಗೆ ಬಂದ ಆ ತಲೆಮಾರು ಕೇಳದ ಪ್ರಶ್ನೆಯೊಂದನ್ನು ಈಗಿನ ಹುಡುಗಿಯರು ಮೊದಲೇ ಕೇಳುತ್ತಾರೆ. ಬನಶಂಕರಿಯ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಗೆ ಈ ಕತೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿ ತಟ್ಟನೆ ಅಂದಳು: “ಅವಳು ನಿಜ ಹೇಳಿಬಿಡಬಹುದಿತ್ತಲ್ಲ, ಮಿಸ್?”

ಚಂದ್ರಾ ವೇಶ್ಯೆಯರ ಮನೆಯಲ್ಲಿ ಹುಟ್ಟಿದವಳು. ಮಗಳಿಗೆ ಆ ಬದುಕು ಬೇಡವೆಂದು ತಾಯಿ ಅಪರ್ಣಾ ಅವಳನ್ನು ಓದಿಸುತ್ತಾಳೆ. ನೆರೆಮನೆಯ ಸಂಸಾರದ ಜೊತೆ ಒಡನಾಟ ಬೆಳೆದು, ಆ ಮನೆಯ ಸೋಮುವಿನಲ್ಲಿ ಚಂದ್ರಾಳ ಮನಸ್ಸು ನಿಲ್ಲುತ್ತದೆ. ಅವಳು ಬಯಸುವುದು ಸೋಮುವನ್ನು ಮಾತ್ರವಲ್ಲ, ಅಂಥದೊಂದು ಮನೆಯನ್ನು ಕೂಡ. ಅಷ್ಟರಲ್ಲಿ, ಹೆಸರು ಹೇಳಿಕೊಳ್ಳಲಾಗದ ತಂದೆಯ ಜೊತೆ ಅವಳನ್ನು ಕಂಡ ಸೋಮು ತಪ್ಪು ತಿಳಿಯುತ್ತಾನೆ. ತನ್ನ ಮಾತಿನಿಂದ ಇನ್ನೊಂದು ಸಂಸಾರ ಒಡೆಯಬಾರದೆಂದು ಚಂದ್ರಾ ಮೌನವಾಗುತ್ತಾಳೆ. ಕೊನೆಗೆ ಗೆಜ್ಜೆ ಪೂಜೆಗೆ ಒಪ್ಪಿ ಪ್ರಾಣ ಬಿಡುತ್ತಾಳೆ.

ಹುಡುಗಿ ಕೇಳಿದ್ದು ಸರಿಯೇ. ಆದರೆ ಹೇಳಿದ್ದರೆ ನಂಬುವವರು ಯಾರು? ಮಾತಿನ ತೂಕ ಬಾಯಿಯಿಂದ ಬರುವುದಿಲ್ಲ, ಆ ಬಾಯಿ ಯಾವ ಮನೆಯದು ಎಂಬುದರಿಂದ ಬರುತ್ತದೆ. ಸಾಕ್ಷಿ ಹೇಳಬೇಕಾದವನು ತಂದೆ. ಅವನಿಗೆ ತನ್ನ ಮರ್ಯಾದೆಯ ಚಿಂತೆ. ಶಾಲೆಗೆ ಸೇರಿಸುವ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಜಾಗದ ಮುಂದೆ ಪೆನ್ನು ಹಿಡಿದು ಸುಮ್ಮನೆ ನಿಂತ ತಾಯಂದಿರನ್ನು ನಾನು ಕಂಡಿದ್ದೇನೆ. ಆ ಎರಡು ಪದಗಳ ಭಾರವನ್ನು ಒಂದು ಹೆಣ್ಣುಮಗುವಿನ ಯೌವನದ ಮೇಲೆ ಹೊರಿಸಿ ತೋರಿಸಿದ್ದು ಇಂದಿರಾ ಅವರ ದೊಡ್ಡ ಸಾಧನೆ.

ನನ್ನ ತಕರಾರು ಕೊನೆಯ ಬಗ್ಗೆ. ಚಂದ್ರಾ ಸತ್ತಕೂಡಲೇ ಎಲ್ಲರಿಗೂ ಬಿಡುಗಡೆ. ತಂದೆಗೆ ಪಶ್ಚಾತ್ತಾಪ, ಸೋಮುವಿಗೆ ದುಃಖ, ನಮಗೆ ಕಣ್ಣೀರು. ಅವಳು ಬದುಕಿದ್ದರೆ ಸೋಮು ಅವಳ ಮುಖ ನೋಡಬೇಕಿತ್ತು, ನೆರೆಮನೆಯವರು ಉತ್ತರ ಹೇಳಬೇಕಿತ್ತು. ಒಂದೇ ನೋಟಕ್ಕೆ ಪ್ರೀತಿ ಕಳೆದುಕೊಂಡ ಹುಡುಗನನ್ನು ಕತೆ ಬಹಳ ಸುಲಭವಾಗಿ ಕ್ಷಮಿಸುತ್ತದೆ. ಹೆಣ್ಣು ಸುಮ್ಮನಿದ್ದು ಸಾಯುವುದೇ ಅವಳ ಶುದ್ಧತೆಗೆ ಪುರಾವೆ ಎನ್ನುವ ಹಳೆಯ ನಂಬಿಕೆಗೆ ಇದು ಗೊತ್ತಿಲ್ಲದೆಯೇ ದೀಪ ಹಚ್ಚುತ್ತದೆ. ಹದಿನಾರರ ಹುಡುಗಿಯರ ಕೈಗೆ ಈ ಪುಸ್ತಕ ಕೊಡುವಾಗ ನನಗೆ ಅಳುಕಾಗುವುದು ಇಲ್ಲೇ.

ಹಾಗೆಂದು ಕೊಡದೇ ಇರಲಾರೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಇಂದಿರಾ ಅವರಿಗೆ ಹನ್ನೆರಡನೆಯ ವಯಸ್ಸಿಗೇ ಮದುವೆ. ಶಾಲೆ ಅಲ್ಲಿಗೆ ಮುಗಿಯಿತು. ಕಾದಂಬರಿ ಬರೆಯತೊಡಗಿದ್ದು ನಲವತ್ತು ದಾಟಿದ ಮೇಲೆ. ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಓದು ಅರ್ಧಕ್ಕೆ ನಿಂತ ಹೆಣ್ಣಿಗಲ್ಲದೆ ಇನ್ನಾರಿಗೆ ಚಂದ್ರಾಳ ಪುಸ್ತಕದ ಹಂಬಲ ಹಾಗೆ ಅರ್ಥವಾದೀತು?

ಅದೇ ಲೇಖಕಿ 1976ರಲ್ಲಿ ‘ಫಣಿಯಮ್ಮ’ ಕೊಟ್ಟರು. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ಸಾಯುವುದಿಲ್ಲ. 112 ವರ್ಷ ಬದುಕುತ್ತಾಳೆ. ಕೂಗಾಡದೆ, ಮಡಿಯ ಗೆರೆಯನ್ನು ಒಂದೊಂದಾಗಿ ದಾಟುತ್ತಾಳೆ. ತಲೆ ಬೋಳಿಸಲು ಒಪ್ಪದ ಎಳೆಯ ವಿಧವೆಯ ಬೆನ್ನಿಗೆ ನಿಲ್ಲುತ್ತಾಳೆ. ಚಂದ್ರಾಳ ಪಕ್ಕದಲ್ಲಿ ಅಂಥ ಒಬ್ಬ ಅಜ್ಜಿ ಇದ್ದಿದ್ದರೆ!

ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1982ರಲ್ಲೇ ಬಂದಿದೆ. ಆದರೆ ಹುಡುಗಿಯನ್ನು ಯಾರದೋ ಜೊತೆ ಕಂಡ ಮಾತ್ರಕ್ಕೆ ತೀರ್ಪು ಕೊಡುವ ಸೋಮುಗಳು ಜಯನಗರದ ಕಾಂಪ್ಲೆಕ್ಸಿನಲ್ಲೂ ಸಿಗುತ್ತಾರೆ. ನಿಮ್ಮ ಮನೆಯ ಹುಡುಗಿಗೆ ಮೊದಲು ‘ಗೆಜ್ಜೆ ಪೂಜೆ’ ಕೊಡಿ, ಆಮೇಲೆ ‘ಫಣಿಯಮ್ಮ’. ಮನೆಯ ಹುಡುಗನಿಗೆ ಮಾತ್ರ ‘ಗೆಜ್ಜೆ ಪೂಜೆ’ಯನ್ನು ಎರಡು ಸಲ ಓದಿಸಿ.