ಕಲ್ಪಿತ ಲೋಕ ಮತ್ತು ಭಾಷೋಪಾಧ್ಯಾಯ: ಒಂದು ವಿಮರ್ಶೆ

ಗಣಕಯಂತ್ರದ ತೆರೆಯ ಮೇಲೆ ರಚಿತವಾದ ಲೋಕವೊಂದನ್ನು ಹೊಕ್ಕು, ಅಲ್ಲಿ ತನಗೊಪ್ಪಿದ ಕೃತಕ ದೇಹವನ್ನು ಧರಿಸಿ, ದೂರದೇಶದ ಜನರೊಡನೆ ಆ ಲೋಕದ ಬೀದಿಗಳಲ್ಲಿ ಅಡ್ಡಾಡುತ್ತ ಪರಭಾಷೆಯನ್ನು ಕಲಿಯಬಹುದೆಂಬ ವಾದವು ಕಳೆದ ಎರಡು ದಶಕಗಳಿಂದ ಶಿಕ್ಷಣಶಾಸ್ತ್ರದ ಬರಹಗಳಲ್ಲಿ ಕೇಳಿಬರುತ್ತಿದೆ. ಇಂಗ್ಲಿಷಿನಲ್ಲಿ ಇದಕ್ಕೆ ವರ್ಚುವಲ್ ವರ್ಲ್ಡ್ ಎಂದು ಹೆಸರು. ಈ ಲೇಖನದಲ್ಲಿ ಕಲ್ಪಿತ ಲೋಕವೆಂದು ಕರೆಯುತ್ತೇನೆ. ಅಲ್ಲಿ ಧರಿಸುವ ದೇಹಕ್ಕೆ ಅವರು ಇಟ್ಟಿರುವ ಹೆಸರು ಮಾತ್ರ ನಮ್ಮದೇ: ಅವತಾರ. ಇಂಥ ಲೋಕಗಳಲ್ಲಿ ಪಾಠ ಹೇಳುವುದಕ್ಕೆ ಉಪಾಧ್ಯಾಯರನ್ನು ಸಿದ್ಧಗೊಳಿಸುವ ತರಬೇತು ಎಷ್ಟರಮಟ್ಟಿಗೆ ಸರಿಯಾದ ದಾರಿಯಲ್ಲಿದೆ ಎಂಬುದು ಇಲ್ಲಿನ ವಿಚಾರ. ಇತಿಹಾಸದ ಅಧ್ಯಾಪಕನಿಗೆ ಇದರಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹುಟ್ಟಿ, ಬೆಳೆದು, ಅಲ್ಲಲ್ಲಿ ಅಳಿದೂ ಹೋದ ಪ್ರಯತ್ನವೊಂದು ಇತಿಹಾಸದ ವಿದ್ಯಾರ್ಥಿಯ ಕಣ್ಣಿಗೆ ಬೀಳದಿರದು ಎಂಬುದು ಒಂದು ಉತ್ತರ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನನ್ನ ನೆರೆಮನೆಯವರು ಉರ್ದು ಮನೆಮಾತಿನ ಮಕ್ಕಳಿಗೆ ಕನ್ನಡ ಕಲಿಸುವ ಉಪಾಧ್ಯಾಯಿನಿ ಎಂಬುದು ಇನ್ನೊಂದು.

2003ರಲ್ಲಿ ಅಮೆರಿಕದ ಲಿಂಡೆನ್ ಲ್ಯಾಬ್ ಎಂಬ ಸಂಸ್ಥೆಯು ಸೆಕೆಂಡ್ ಲೈಫ್ ಎಂಬ ಕಲ್ಪಿತ ಲೋಕವನ್ನು ಸಾರ್ವಜನಿಕರಿಗೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳು ಅಲ್ಲಿ ದ್ವೀಪಗಳನ್ನು ಬಾಡಿಗೆಗೆ ಹಿಡಿದು ಪಾಠಶಾಲೆಗಳನ್ನು ಕಟ್ಟಿದವು. ಐರೋಪ್ಯ ಒಕ್ಕೂಟದ ಧನಸಹಾಯದಿಂದ 2009ರಿಂದ 2011ರ ವರೆಗೆ ನಡೆದ ಅವಲಾನ್ ಎಂಬ ಯೋಜನೆಯು ಭಾಷೋಪಾಧ್ಯಾಯರಿಗೆಂದೇ ತರಬೇತಿನ ಕ್ರಮವೊಂದನ್ನು ರೂಪಿಸಿತು. ಉಪಾಧ್ಯಾಯರನ್ನು ಆ ಲೋಕದೊಳಗೇ ಕರೆದೊಯ್ದು, ಅಲ್ಲಿಯೇ ಕಲಿಯುವವರನ್ನಾಗಿ ಮಾಡಿ, ಅನಂತರ ಕಲಿಸುವವರನ್ನಾಗಿ ಮಾಡುವುದು ಅದರ ಮಾರ್ಗ. ಈ ಮಾರ್ಗದ ಗುಣವನ್ನು ಒಪ್ಪಲೇಬೇಕು. ಈಜನ್ನು ದಡದ ಮೇಲೆ ಕುಳಿತು ಬೋಧಿಸುವ ನಮ್ಮ ಅನೇಕ ತರಬೇತುಗಳಿಗಿಂತ ಅದು ಮೇಲು. ಅವತಾರದ ಮರೆಯಲ್ಲಿ ನಿಂತ ಸಂಕೋಚದ ವಿದ್ಯಾರ್ಥಿಯು ತಪ್ಪಾದೀತೆಂದು ಹೆದರದೆ ಬಾಯಿಬಿಡುತ್ತಾನೆ ಎಂಬ ಮಾತನ್ನೂ ತಳ್ಳಿಹಾಕುವಂತಿಲ್ಲ. ಬಣ್ಣ ಹಚ್ಚಿಕೊಂಡ ಮೇಲೆ ತೊದಲು ಮಾಯವಾಗುವ ಹುಡುಗರನ್ನು ಕಾಲೇಜಿನ ನಾಟಕಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ.

ಆದರೆ ಈ ಲೋಕಗಳ ಆಯುಷ್ಯವನ್ನು ನೋಡಿ. ಗೂಗಲ್ ಸಂಸ್ಥೆಯ ಲೈವ್ಲಿ ಎಂಬ ಲೋಕ 2008ರ ಜುಲೈಯಲ್ಲಿ ಹುಟ್ಟಿ ಅದೇ ವರ್ಷದ ಡಿಸೆಂಬರಿನಲ್ಲಿ ಮುಚ್ಚಿತು. ಲಿಂಡೆನ್ ಲ್ಯಾಬ್ ಶಿಕ್ಷಣಸಂಸ್ಥೆಗಳಿಗೆ ಕೊಡುತ್ತಿದ್ದ ಅರ್ಧ ಬಾಡಿಗೆಯ ರಿಯಾಯಿತಿಯನ್ನು ನಿಲ್ಲಿಸುವುದಾಗಿ 2010ರಲ್ಲಿ ಸಾರಿತು. 2013ರಲ್ಲಿ ಅದನ್ನು ಮತ್ತೆ ಕೊಟ್ಟಿತಾದರೂ ಅಷ್ಟರಲ್ಲಿ ಬಿಟ್ಟುಹೋದವರು ಬಿಟ್ಟುಹೋಗಿದ್ದರು. ಆಲ್ಟ್‌ಸ್ಪೇಸ್ ವಿ.ಆರ್. 2023ರ ಮಾರ್ಚಿಯಲ್ಲಿಯೂ ಮೊಜಿಲ್ಲಾ ಹಬ್ಸ್ 2024ರ ಮೇ ತಿಂಗಳಲ್ಲಿಯೂ ಬಾಗಿಲು ಹಾಕಿದವು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. 1224ರ ವೇಳೆಗೆ ಹರಿಹರದಲ್ಲಿ ಕಟ್ಟಿಸಿದ ಗುಡಿಯ ಅಂಗಳದ ಶಾಸನಗಳನ್ನು ನಾವು ಇಂದೂ ನಿಂತು ಓದಬಲ್ಲೆವು; ಹತ್ತು ಹದಿನೈದು ವರ್ಷಗಳ ಹಿಂದೆ ಉಪಾಧ್ಯಾಯರು ಶ್ರಮಪಟ್ಟು ಕಟ್ಟಿದ ಪಾಠದ ದ್ವೀಪಗಳಲ್ಲಿ ಅನೇಕವಕ್ಕೆ ಇಂದು ಅವಶೇಷವೂ ಇಲ್ಲ. ಇದನ್ನು ವಿನೋದಕ್ಕಾಗಿ ಹೇಳುತ್ತಿಲ್ಲ. ಯಾವುದೋ ಒಂದು ಲೋಕದ ಗುಂಡಿಗಳನ್ನು ಒತ್ತುವ ಕೌಶಲವನ್ನೇ ತರಬೇತಿನ ಸಾರವನ್ನಾಗಿ ಮಾಡಿದರೆ, ಆ ಲೋಕ ಮುಚ್ಚಿದ ದಿನ ಉಪಾಧ್ಯಾಯನ ಕೈಯಲ್ಲಿ ಉಳಿಯುವುದೇನು?

ನಾನು ಕುತೂಹಲಕ್ಕೆಂದು ಹೋಗಿ ಕುಳಿತಿದ್ದ ಕಮ್ಮಟವೊಂದರಲ್ಲಿ ಎರಡು ದಿನಗಳ ಪೈಕಿ ಮೊದಲನೆಯದು ಖಾತೆ ತೆರೆಯುವುದಕ್ಕೂ ಅವತಾರಕ್ಕೆ ಉಡುಪು ತೊಡಿಸುವುದಕ್ಕೂ ಕಳೆಯಿತು. ಎರಡನೆಯ ದಿನ ನಡೆಯುವುದು, ಹಾರುವುದು, ಕೂರುವುದು. ಪಾಠಯೋಜನೆಯೆಂದು ಕಾರ್ಯಕ್ರಮ ಪತ್ರಿಕೆಯಲ್ಲಿ ಅಚ್ಚಾಗಿದ್ದ ಕೊನೆಯ ಒಂದು ಗಂಟೆಯನ್ನು ಸಂಪರ್ಕ ಕಡಿದುಹೋದುದರಿಂದ ಕೈಬಿಡಲಾಯಿತು. ಪ್ರಮಾಣಪತ್ರಗಳು ಮಾತ್ರ ಸಿದ್ಧವಾಗಿದ್ದವು.

ನಮ್ಮ ನಾಡಿಗೆ ಇಂಥ ಉತ್ಸಾಹ ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಬಂದಿತು, ಹೋಯಿತು. 2004ರಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಹಾರಿತು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಕಲ್ಪಿತ ಲೋಕಗಳ ಪ್ರತಿಪಾದಕರು ಬೋಧನೆಯ ಯಾವ ತತ್ತ್ವವನ್ನು ನೆಚ್ಚಿಕೊಂಡಿದ್ದಾರೋ ಅದರ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ಕರ್ನಾಟಕದಲ್ಲಿಯೇ ನಡೆಯಿತು ಎಂಬುದು ಹೆಚ್ಚು ಮುಖ್ಯ. ವ್ಯಾಕರಣದ ಪಾಠವಿಲ್ಲದೆ, ಭಾಷೆಯನ್ನು ಬಳಸದೆ ಮುಗಿಯದಂಥ ಕಾರ್ಯವೊಂದನ್ನು ವಿದ್ಯಾರ್ಥಿಯ ಮುಂದಿಟ್ಟರೆ ಆ ಕಾರ್ಯದ ಭರದಲ್ಲಿ ಭಾಷೆ ತಾನಾಗಿ ಮೈಗೂಡುತ್ತದೆ ಎಂಬುದು ಆ ತತ್ತ್ವ. ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು, 1963ರಲ್ಲಿ ಸ್ಥಾಪಿತವಾಗಿದ್ದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದೊಡನೆ, 1979ರಿಂದ 1984ರ ವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಸಾಮಾನ್ಯ ಶಾಲೆಗಳಲ್ಲಿ ಇದನ್ನು ನಡೆಸಿ ನೋಡಿದರು. ಲೋಕದ ಭಾಷಾಶಿಕ್ಷಣ ಸಾಹಿತ್ಯದಲ್ಲಿ ಇದಕ್ಕೆ ಬೆಂಗಳೂರು ಯೋಜನೆಯೆಂದೇ ಹೆಸರು.

ಅಲ್ಲಿ ಯಂತ್ರವಿರಲಿಲ್ಲ, ಕರಿಹಲಗೆ, ಸೀಮೆಸುಣ್ಣ, ಕಾಗದ ಇಷ್ಟೇ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ತಿಂಗಳ ಪಂಚಾಂಗ, ದೂರ, ದುಡ್ಡಿನ ಲೆಕ್ಕ ಇವೇ ಸಾಮಗ್ರಿ. ಈ ರೈಲು ತಪ್ಪಿದರೆ ಮುಂದಿನದು ಯಾವುದು, ಅದರಲ್ಲಿ ಹೋದರೆ ಎಷ್ಟು ಹೊತ್ತಿಗೆ ತಲುಪಬಹುದು ಎಂದು ಉಪಾಧ್ಯಾಯರು ಮೊದಲು ಇಡೀ ತರಗತಿಯೊಡನೆ ಚರ್ಚಿಸಿ, ಅದೇ ಬಗೆಯ ಮತ್ತೊಂದು ಸಮಸ್ಯೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂಟಿಯಾಗಿ ಬಿಡಿಸಲು ಕೊಡುತ್ತಿದ್ದರು. ವಿದ್ಯಾರ್ಥಿಯು ಕುಳಿತ ಬೆಂಚಿನಿಂದ ಏಳದೆಯೇ ರೈಲುನಿಲ್ದಾಣದಲ್ಲಿದ್ದನು. ಕಲ್ಪಿತ ಲೋಕವೆಂದರೆ ಇದಲ್ಲದೆ ಮತ್ತೇನು? ತೆರೆಯ ಮೇಲಿನ ನಿಲ್ದಾಣಕ್ಕೆ ಬಣ್ಣ ಹೆಚ್ಚು, ಅಷ್ಟೆ; ರೈಲು ತಪ್ಪಿದರೆ ಏನು ಗತಿ ಎಂಬ ಪ್ರಶ್ನೆಯನ್ನು ಹೂಡದಿದ್ದರೆ ಬಣ್ಣದ ನಿಲ್ದಾಣದಲ್ಲಿ ಮಾತು ಹುಟ್ಟುವುದಿಲ್ಲ. ಆ ಪ್ರಶ್ನೆಯನ್ನು ಹೂಡುವ ಶಕ್ತಿಯೇ ಉಪಾಧ್ಯಾಯನ ವಿದ್ಯೆ. ತರಬೇತು ಬೆಳೆಸಬೇಕಾದುದು ಅದನ್ನು. ಈಗ ಬೆಳೆಸುತ್ತಿರುವುದು ಲೋಕದೊಳಗೆ ತಿರುಗಾಡುವ ಚಾಕಚಕ್ಯವನ್ನು.

ಇಷ್ಟು ಹೇಳಿ ಬೆಂಗಳೂರು ಯೋಜನೆಯನ್ನು ಹೊಗಳಿ ಮುಗಿಸಿದರೆ ಅದು ವಿಮರ್ಶೆಯಾಗದು. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಅವರು 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಯೋಜನೆಯ ಪರವಾಗಿ ಮಿತವಾದ ತೀರ್ಪನ್ನೇ ಕೊಟ್ಟಿತು. ಆದರೆ 1990ರಲ್ಲಿ ಬೆರೆಟ್ಟಾ ಅವರು ಬೇರೊಂದು ಪ್ರಶ್ನೆ ಕೇಳಿದರು: ಉಪಾಧ್ಯಾಯರು ಈ ಪದ್ಧತಿಯನ್ನು ನಿಜವಾಗಿ ಎಷ್ಟು ಅರಗಿಸಿಕೊಂಡರು? ಹದಿನೈದು ಮಂದಿಯ ಅನುಭವಕಥನಗಳನ್ನು ಪರಿಶೀಲಿಸಿದಾಗ ಆರು ಮಂದಿ ಹೊಸ್ತಿಲಲ್ಲಿಯೇ ನಿಂತಿದ್ದರೆಂದೂ, ಏಳು ಮಂದಿ ಸಾಧಾರಣವಾಗಿ ನಡೆಸಬಲ್ಲವರಾಗಿದ್ದರೆಂದೂ, ಪದ್ಧತಿಯನ್ನು ತಮ್ಮದಾಗಿ ಮಾಡಿಕೊಂಡವರು ಇಬ್ಬರೇ ಎಂದೂ ಕಂಡುಬಂತು. ಆ ಹದಿನೈದು ಮಂದಿಯಲ್ಲಿ ಹೆಚ್ಚಿನವರು ಶಾಲೆಯ ಉಪಾಧ್ಯಾಯರೇ ಆಗಿರಲಿಲ್ಲ. ನಿತ್ಯವೂ ಶಾಲೆಯಲ್ಲಿ ದುಡಿಯುವ ನಾಲ್ವರಲ್ಲಿ ಮೂವರು ಹೊಸ್ತಿಲಿನ ಗುಂಪಿನಲ್ಲಿದ್ದರು. ಯಂತ್ರವಿಲ್ಲದ, ಖರ್ಚಿಲ್ಲದ ಪದ್ಧತಿಗೇ ಈ ಗತಿಯಾದ ಮೇಲೆ, ಯಂತ್ರದ ಭಾರವನ್ನೂ ಹೊರಿಸಿದ ಪದ್ಧತಿಯನ್ನು ಎರಡು ದಿನಗಳ ಕಮ್ಮಟದಲ್ಲಿ ದಾಟಿಸಬಹುದೆಂದು ನಂಬುವುದು ಹೇಗೆ? ಮೈಸೂರಿನ ಭಾರತೀಯ ಭಾಷಾ ಸಂಸ್ಥಾನಕ್ಕೆ ಸೇರಿದ ದಕ್ಷಿಣ ಪ್ರಾದೇಶಿಕ ಕೇಂದ್ರವು ಹೊರರಾಜ್ಯದ ಉಪಾಧ್ಯಾಯರಿಗೆ ಕನ್ನಡವನ್ನು ಕಲಿಸಲು ಹತ್ತು ತಿಂಗಳನ್ನು ಮೀಸಲಿಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಪ್ರಭು ಅವರೇ 1990ರ ತಮ್ಮ ಪ್ರಬಂಧದಲ್ಲಿ, ಸರ್ವೋತ್ತಮ ಪದ್ಧತಿಯೆಂಬುದೊಂದಿಲ್ಲವೆಂದೂ, ತಾನು ಮಾಡುತ್ತಿರುವುದರಿಂದ ಕಲಿಕೆ ಹೇಗೆ ಉಂಟಾಗುತ್ತದೆ ಎಂಬುದರ ಬಗ್ಗೆ ಉಪಾಧ್ಯಾಯನಲ್ಲಿ ಜೀವಂತವಾಗಿರುವ ನಂಬುಗೆಯೇ ಮುಖ್ಯವೆಂದೂ ವಾದಿಸಿದರು. ಆ ನಂಬುಗೆಯನ್ನು ಪ್ರಮಾಣಪತ್ರದೊಡನೆ ಹಂಚಲು ಬರುವುದಿಲ್ಲ.

ಇನ್ನೊಂದು ವಿರೋಧವನ್ನೂ ಗಮನಿಸಬೇಕು. ಕಲ್ಪಿತ ಲೋಕದ ಪಾಠಗಳಲ್ಲಿ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದೇ ಜೀವಾಳ. ಪ್ರಭು ಅವರಾದರೋ ಗುಂಪುಗೆಲಸವನ್ನು ಬೇಕೆಂದೇ ದೂರವಿಟ್ಟರು. ಅರೆಬರೆ ಕಲಿತವರು ಪರಸ್ಪರ ಮಾತಾಡಿದರೆ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಗಟ್ಟಿಯಾಗುವುದೆಂಬುದು ಅವರ ಅಂಜಿಕೆ. ಯೂರೋಪಿನಲ್ಲಿ ಬೇರೆಬೇರೆ ದೇಶದ ವಯಸ್ಕರು ಒಂದೆಡೆ ಸೇರಿದಾಗ ಕಲಿಯುತ್ತಿರುವ ಭಾಷೆಯೊಂದೇ ಅವರಿಗೆ ಸಾಮಾನ್ಯವಾದುದು. ಅದನ್ನು ಬಳಸದೆ ವಿಧಿಯಿಲ್ಲ. ನಮ್ಮ ಊರಿನ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರ ಮಕ್ಕಳು ಐವತ್ತು ಮಂದಿ ಒಂದೇ ಕೋಣೆಯಲ್ಲಿ ಕುಳಿತಾಗ ಅವರಿಗೆ ಉರ್ದುವೇ ಇರುವಲ್ಲಿ ಕನ್ನಡವೇಕೆ? ಅವರನ್ನು ಯಾವ ದ್ವೀಪಕ್ಕೆ ಒಯ್ದರೂ ಅವರು ಅಲ್ಲಿ ಉರ್ದುವಿನಲ್ಲಿಯೇ ಆಡಿಕೊಳ್ಳುವರು; ಅದು ಸಹಜವೂ ಹೌದು. ಐರೋಪ್ಯ ಕೈಪಿಡಿಗಳನ್ನು ಹಾಗೆಯೇ ಕನ್ನಡಿಸಿ ನಮ್ಮ ಉಪಾಧ್ಯಾಯರಿಗೆ ಕೊಡುವವರು ಈ ವ್ಯತ್ಯಾಸವನ್ನು ಮೊದಲು ಎದುರಿಸಬೇಕು.

ಕನ್ನಡದ ಮಟ್ಟಿಗೆ ತೊಡಕು ಇದಕ್ಕಿಂತಲೂ ಆಳವಾದುದು. ಕನ್ನಡದಲ್ಲಿ ಒಂದು ಕ್ರಿಯಾಪದವನ್ನು ಬಾಯಿಂದ ಹೊರಡಿಸಬೇಕಾದರೆ ಎದುರಿಗಿರುವವರು ಯಾರೆಂದು ಮೊದಲು ತಿಳಿದಿರಬೇಕು. ಬಾ ಎನ್ನಬೇಕೊ, ಬನ್ನಿ ಎನ್ನಬೇಕೊ, ನಮ್ಮ ಸೀಮೆಯಲ್ಲಾದರೆ ಬರ್‍ರಿ ಎನ್ನಬೇಕೊ. ಅಣ್ಣನೊ, ಅಜ್ಜನೊ, ಅಕ್ಕನೊ, ಅವ್ವನೊ. ಇದನ್ನು ನಿಶ್ಚಯಿಸುವುದು ವಯಸ್ಸು, ಸಂಬಂಧ, ಸಲಿಗೆ. ಜರ್ಮನ್, ಫ್ರೆಂಚ್ ಭಾಷೆಗಳಿಗೂ ಏಕವಚನ ಬಹುವಚನಗಳ ಈ ಮರ್ಯಾದೆಯ ಭೇದವುಂಟು. ಆದರೆ ದಾರಿಹೋಕನನ್ನೂ ನಂಟಿನ ಹೆಸರಿನಿಂದ ಕರೆಯುವ ನಮ್ಮ ರೂಢಿ ಅವರಲ್ಲಿ ಇಷ್ಟಿಲ್ಲ. ಕಲ್ಪಿತ ಲೋಕದ ಅವತಾರಗಳಾದರೋ ಬಹುಮಟ್ಟಿಗೆ ತರುಣರು, ಸುಂದರರು, ನೆಂಟರಿಲ್ಲದವರು. ಅಲ್ಲಿ ಸೊಂಟ ಬಾಗಿದ ಮುದುಕಿ ಸಿಗುವುದು ಅಪೂರ್ವ. ವಯಸ್ಸನ್ನು ಮರೆಸುವ ಮುಖವಾಡವು ಇಂಗ್ಲಿಷ್ ಕಲಿಯುವವನಿಗೆ ಧೈರ್ಯ ಕೊಡಬಹುದು. ಕನ್ನಡ ಕಲಿಯುವವನಿಂದ ಅದು ವ್ಯಾಕರಣದ ಆಧಾರವನ್ನೇ ಕಿತ್ತುಕೊಳ್ಳುತ್ತದೆ. ತರಬೇತಿನ ಬರಹಗಳಲ್ಲಿ ಅವತಾರದ ಸಂಕೋಚನಿವಾರಣೆಯ ಗುಣವನ್ನು ಕುರಿತು ಪುಟಗಟ್ಟಲೆ ಉಂಟು. ಯಾರನ್ನು ಏನೆಂದು ಕರೆಯಬೇಕು ಎಂಬ ಬಗ್ಗೆ ನಾನು ನೋಡಿದವುಗಳಲ್ಲಿ ಚರ್ಚೆಯೇ ಇಲ್ಲ.

ಕನ್ನಡಕ್ಕೆ ಒಪ್ಪುವ ಲೋಕವನ್ನು ಕಟ್ಟಲಾಗದೆಂದು ಇದರ ಅರ್ಥವಲ್ಲ. ಜೆಫ್ರಿ ಶಾ ಮತ್ತು ಸಾರಾ ಕೆಂಡರ್‌ಡೈನ್ ಅವರು 2006ರಲ್ಲಿ ಹಂಪೆಯನ್ನು ಮೂರು ಆಯಾಮಗಳಲ್ಲಿ ರೂಪಿಸಿದ ಕೃತಿಯೊಂದು ಬಳ್ಳಾರಿ ಸಮೀಪದ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿತು. ಸುತ್ತಲೂ ಬಂಡೆ, ಗೋಪುರ, ಬಯಲು. ಇತಿಹಾಸದವನಾದ ನನಗೆ ಇಂಥ ಪ್ರಯತ್ನಗಳಲ್ಲಿ ಸಂತೋಷಕ್ಕೆ ಎಷ್ಟೋ ಕಾರಣಗಳಿವೆ. ಭಾಷೋಪಾಧ್ಯಾಯನಿಗೆ ಬೇಕಾದುದು ಮಾತ್ರ ಬೇರೆ: ಗುಡಿಯ ಹಿಂದೆ, ಕಂಬದ ಪಕ್ಕದಲ್ಲಿ, ಹೊಳೆಯಿಂದ ಈಚೆಗೆ ಎಂದು ಹೇಳಿಸುವಂಥ ಒಂದು ತುರ್ತು, ಮತ್ತು ಅದನ್ನು ಕೇಳಿಸಿಕೊಳ್ಳುವ ಒಬ್ಬ ಅಜ್ಜ.

ನೆರೆಮನೆಯ ಉಪಾಧ್ಯಾಯಿನಿಯವರೊಡನೆ ಈ ವಿಷಯಗಳನ್ನು ಮಾತಾಡಿದ ಕೆಲವು ದಿನಗಳ ಮೇಲೆ ಅವರ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತುಕೊಳ್ಳುವ ಅವಕಾಶ ದೊರೆಯಿತು. ಅವರು ಕರಿಹಲಗೆಯ ಮೇಲೆ ಹರಿಹರದ ರೈಲುನಿಲ್ದಾಣ, ಬಸ್ ನಿಲ್ದಾಣ, ಗುಡಿ, ತುಂಗಭದ್ರೆಯ ದಡ ಇಷ್ಟನ್ನು ಗೆರೆಗಳಲ್ಲಿ ಬರೆದರು. ಒಬ್ಬ ಹುಡುಗಿಗೆ ದುಪ್ಪಟ್ಟ ಹೊದಿಸಿ ಊರಿಗೆ ಹೊಸಬಳಾದ ಅಜ್ಜಿಯನ್ನಾಗಿ ಮಾಡಿದರು. ಆಕೆ ಹೊತ್ತು ಮುಳುಗುವುದರೊಳಗೆ ದಾವಣಗೆರೆಗೆ ಹಿಂತಿರುಗಬೇಕು. ದಾರಿ ತೋರಿಸಲು ಎದ್ದ ಹುಡುಗ, ಬಾ ಅಜ್ಜಿ, ಬಲಕ್ಕೆ ತಿರುಗು ಎಂದನು. ತರಗತಿ ನಕ್ಕಿತು. ಬನ್ನಿ ಎನ್ನಬೇಕೆಂದು ಮುಂದಿನ ಸಾಲಿನವರು ತಿದ್ದಿದರು. ಹುಡುಗ ಒಪ್ಪಲಿಲ್ಲ, ತನ್ನ ಗೆಳೆಯನ ಮನೆಯಲ್ಲಿ ಕನ್ನಡದವರೆಲ್ಲ ಅಜ್ಜಿಯನ್ನು ಬಾ ಎಂದೇ ಕರೆಯುವುದನ್ನು ತಾನು ಕೇಳಿದ್ದೇನೆಂದು ವಾದಿಸಿದನು. ಅದು ಅವನ ಸ್ವಂತ ಅಜ್ಜಿ, ಈಕೆ ಯಾರೋ ಎಂದು ಒಬ್ಬಳು. ಯಾರೋ ಆದರೂ ಅಜ್ಜಿ ಅಂದ ಮೇಲೆ ನಮ್ಮವಳೇ ಅಲ್ಲವೇ ಎಂದು ಇನ್ನೊಬ್ಬ. ವಾದವೆಲ್ಲ ಮುರುಕು ಕನ್ನಡದಲ್ಲಿ ನಡೆಯುತ್ತಿತ್ತು. ಉಪಾಧ್ಯಾಯಿನಿಯವರು ನಡುವೆ ಬಾಯಿಹಾಕಲಿಲ್ಲ. ಗಂಟೆ ಹೊಡೆದಾಗ ಅಜ್ಜಿಯು ಇನ್ನೂ ಹರಿಹರದ ಗುಡಿಯ ಬಾಗಿಲಲ್ಲಿಯೇ ನಿಂತಿದ್ದಳು.