ಮೂರಕ್ಕೊಂದರ ಮೋಹ

ಪ್ರೌಢಶಾಲಾ ಶಿಕ್ಷಕರಿಂದ ಸಸ್ಯವಿಜ್ಞಾನದ ಸಂಶೋಧನೆ ಮಾಡಿಸುವ ಕಮ್ಮಟಗಳ ಮಾತು ಬಂದಾಗಲೆಲ್ಲ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ‘ಫಾಸ್ಟ್ ಪ್ಲಾಂಟ್ಸ್’ ಯೋಜನೆ ಮಾದರಿಯಾಗಿ ಎದುರು ನಿಲ್ಲುತ್ತದೆ. ಎಲೆಕೋಸಿನ ಕುಟುಂಬದ ಬೆಳೆಗಳಲ್ಲಿ ರೋಗನಿರೋಧಕ ತಳಿಗಳನ್ನು ಬೇಗ ರೂಪಿಸಲೆಂದು ಸಸ್ಯರೋಗತಜ್ಞ ಪಾಲ್ ವಿಲಿಯಮ್ಸ್ ಆಯ್ದು ಬೆಳೆಸಿದ, 1986ರಲ್ಲಿ ‘ಸೈನ್ಸ್’ ಪತ್ರಿಕೆಯ ಮೂಲಕ ವಿಜ್ಞಾನಲೋಕಕ್ಕೆ ಪರಿಚಯವಾದ ಬ್ರಾಸಿಕಾ ಸಸ್ಯಗಳಲ್ಲಿ ಒಂದಾದ ಬ್ರಾಸಿಕಾ ರಾಪಾ ಈ ಯೋಜನೆಯ ಜೀವಾಳ. ಹಗಲಿರುಳೂ ಉರಿಯುವ ಟ್ಯೂಬ್‌ಲೈಟಿನ ಕೆಳಗೆ ಎರಡು ವಾರಗಳಲ್ಲಿ ಹೂಬಿಟ್ಟು, 35ರಿಂದ 40 ದಿನಗಳಲ್ಲಿ ಬೀಜದಿಂದ ಬೀಜಕ್ಕೆ ತಲುಪುವ ಈ ಗಿಡದ ಕೀರ್ತಿ ನ್ಯಾಯವಾದದ್ದೇ. ಆದರೆ ಗಿಡಕ್ಕೆ ಸಲ್ಲಬೇಕಾದ ಕೀರ್ತಿಯಲ್ಲಿ ಬಹುಪಾಲನ್ನು ಅದನ್ನು ಬಳಸುವ ಕಮ್ಮಟಗಳು ತಮ್ಮದಾಗಿಸಿಕೊಂಡಿವೆ. ಅವು ಸಂಶೋಧನೆ ಎಂದು ಕರೆಯುವ ಚಟುವಟಿಕೆ ಆ ಹೆಸರಿಗೆ ಎಷ್ಟು ಅರ್ಹ ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿದಿದೆ.

ಈ ಕಮ್ಮಟಗಳ ಅತಿ ಪ್ರಸಿದ್ಧ ಪ್ರಯೋಗವನ್ನೇ ಪರಿಶೀಲಿಸಬಹುದು. ಆಂಥೋಸಯನಿನ್ ಎಂಬ ನೇರಳೆ ವರ್ಣದ್ರವ್ಯವುಳ್ಳ ಗಿಡವನ್ನು ಅದಿಲ್ಲದ ಹಸಿರು ಕಾಂಡದ ಗಿಡದೊಡನೆ ಸಂಕರಿಸಿದರೆ ಮೊದಲ ಪೀಳಿಗೆಯ ಸಸಿಗಳೆಲ್ಲ ನೇರಳೆಯಾಗುತ್ತವೆ. ಒಂದು ಗಿಡದ ಹೂವು ತನ್ನದೇ ಪರಾಗದಿಂದ ಬೀಜ ಕಟ್ಟದ ಕಾರಣ, ಮೆಂಡಲನ ಬಟಾಣಿಯಂತೆ ಅದನ್ನು ತನ್ನಷ್ಟಕ್ಕೆ ಬಿಡಲಾಗುವುದಿಲ್ಲ. ಹಲ್ಲುಕಡ್ಡಿಗೆ ಒಣಗಿದ ಜೇನುನೊಣದ ಎದೆಭಾಗವನ್ನು ಅಂಟಿಸಿ, ಅದರ ರೋಮಗಳಿಂದ ಪರಾಗವನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಸಾಗಿಸಬೇಕು. ಎರಡನೆಯ ಪೀಳಿಗೆಯಲ್ಲಿ ಮೂರು ನೇರಳೆ ಸಸಿಗೆ ಒಂದು ಹಸಿರು ಸಸಿ ಬರಬೇಕೆಂಬುದು ಶಿಕ್ಷಕರಿಗೆ ಕಮ್ಮಟಕ್ಕೆ ಬರುವ ಮೊದಲೇ ಗೊತ್ತಿರುತ್ತದೆ.

ಬಂದದ್ದು ಆ ಅನುಪಾತವಲ್ಲದಿದ್ದರೆ ಏನು ಮಾಡಬೇಕೆಂಬಲ್ಲಿ ಪ್ರಯೋಗದ ನಿಜವಾದ ಪರೀಕ್ಷೆಯಿದೆ. ಒಂದು ತಟ್ಟೆಯಲ್ಲಿ 40 ಸಸಿಗಳಿದ್ದು, 25 ನೇರಳೆಯೂ 15 ಹಸಿರೂ ಎಣಿಕೆಗೆ ಸಿಕ್ಕವೆಂದುಕೊಂಡರೆ, ನಿರೀಕ್ಷೆಗೂ ಎಣಿಕೆಗೂ ನಡುವಿನ ಅಂತರ ಬರಿಯ ಆಕಸ್ಮಿಕವಾಗಿರಬಹುದೇ ಎಂದು ಅಳೆಯುವ ಕೈ-ವರ್ಗ ಪರೀಕ್ಷೆಯಲ್ಲಿ 3.33 ಬರುತ್ತದೆ, ವಾಡಿಕೆಯ ಮಿತಿಯಾದ 3.84ಕ್ಕಿಂತ ಅದು ಕಡಿಮೆಯಿರುವುದರಿಂದ ಮೆಂಡಲನ ನಿಯಮಕ್ಕೆ ಧಕ್ಕೆಯಿಲ್ಲ. ಆದರೆ ಅದೇ ತಟ್ಟೆಯ ಒಂದೇ ಒಂದು ಸಸಿ ನೇರಳೆಯ ಸಾಲಿನಿಂದ ಹಸಿರಿನ ಸಾಲಿಗೆ ಸರಿದರೆ ಮೌಲ್ಯ 4.8ಕ್ಕೆ ಏರಿ ತೀರ್ಮಾನವೇ ತಿರುಗಿಬೀಳುತ್ತದೆ. ಕಾಂಡದ ನೇರಳೆ ಬಣ್ಣ ಬೆಳಕನ್ನು ಅವಲಂಬಿಸಿರುವುದರಿಂದ, ದೀಪದಿಂದ ದೂರವಿದ್ದ ಮೂಲೆಯ ಸಸಿ ತಳಿಗುಣದಲ್ಲಿ ನೇರಳೆಯಾಗಿದ್ದೂ ಹಸಿರಾಗಿ ಕಾಣಬಹುದು. ಹೀಗಿರುವಾಗ ಆ ಮಸುಕು ಸಸಿಯನ್ನು ಯಾವ ಸಾಲಿಗೆ ಸೇರಿಸಬೇಕು, ಆ ನಿಯಮವನ್ನು ಎಣಿಕೆಗೆ ಮೊದಲೇ ಬರೆದಿಡಬೇಕೇ, ಬೆಳಕು ಹೆಚ್ಚಿಸಿ ಮತ್ತೆ ಬಿತ್ತಬೇಕೇ ಎಂಬ ಪ್ರಶ್ನೆಗಳು ಅಪ್ಪಟ ಸಂಶೋಧನೆಯ ಪ್ರಶ್ನೆಗಳಾಗುತ್ತವೆ. ಉತ್ತರ ಮೊದಲೇ ತಿಳಿದಿರುವ ಪ್ರಯೋಗದಲ್ಲಿ ಇವು ಏಳುವ ಮೊದಲೇ ಅಡಗುತ್ತವೆ; ಮಸುಕು ಸಸಿ ಅನುಪಾತಕ್ಕೆ ಬೇಕಾದ ಸಾಲಿಗೆ ಹೋಗಿ ಸೇರುತ್ತದೆ, ಅದಾಗದಿದ್ದರೆ ಶಿಕ್ಷಕರ ಕೈತಪ್ಪೆಂಬ ವಿವರಣೆ ಸಿದ್ಧವಾಗಿರುತ್ತದೆ.

ಈ ಕೊರತೆಯನ್ನು ಗುರುತಿಸಿದ ವಿಮರ್ಶಕರು ಸೂಚಿಸುವ ಮದ್ದು ಕೂಡ ಸಮರ್ಪಕವಾಗಿಲ್ಲ. ಶಾಲೆಯ ಪ್ರಯೋಗಗಳಿಗೂ ವಿಜ್ಞಾನಿಗಳ ಚಿಂತನಕ್ರಮಕ್ಕೂ ಇರುವ ಅಂತರವನ್ನು ಶಿಕ್ಷಣ ಸಂಶೋಧಕರಾದ ಚಿನ್ ಮತ್ತು ಮಲ್ಹೋತ್ರಾ 2002ರಲ್ಲಿ ಬಹು ಸೂಕ್ಷ್ಮವಾಗಿ ವಿಂಗಡಿಸಿ ತೋರಿಸಿದ್ದರೂ, ಅವರ ಹೆಸರು ಹೇಳುವ ಹಲವರು ಅದನ್ನೆಲ್ಲ ‘ಉತ್ತರ ಯಾರಿಗೂ ಗೊತ್ತಿರಬಾರದು’ ಎಂಬ ಒಂದೇ ಸೂತ್ರಕ್ಕೆ ಇಳಿಸಿಬಿಟ್ಟಿದ್ದಾರೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಪ್ರೆಪ್’ ಪಾಲುದಾರಿಕೆ ಈ ಸೂತ್ರಕ್ಕೆ ಒಪ್ಪುವಂಥದ್ದು; ಅಲ್ಲಿ ಒಂದು ಜೀನ್ ಕೆಲಸ ನಿಲ್ಲಿಸಿರುವ ಅರಬಿಡಾಪ್ಸಿಸ್ ಗಿಡಗಳನ್ನು ಶಾಲೆಗಳಿಗೆ ಕೊಟ್ಟು, ಉಪ್ಪು, ಬರ, ಚಳಿಯಂಥ ಒತ್ತಡಗಳಲ್ಲಿ ಅವು ಹೇಗೆ ವರ್ತಿಸುತ್ತವೆಂದು ನೋಡಲಾಗುತ್ತಿತ್ತು. ಯೋಜನೆ ಶ್ಲಾಘ್ಯವೇ. ಆದರೆ ಒಂದು ಜೀನಿನ ಕೆಲಸವನ್ನು ಅದರ ಸೋದರ ಜೀನ್‌ಗಳು ಹೊತ್ತುಕೊಳ್ಳುವುದು ಸಾಮಾನ್ಯವಾದ್ದರಿಂದ ಅನೇಕ ಸಲ ವ್ಯತ್ಯಾಸವೇ ಕಾಣುವುದಿಲ್ಲ. ವ್ಯತ್ಯಾಸ ಇಲ್ಲವೋ, ಗಿಡಗಳ ಸಂಖ್ಯೆ ಸಾಲದೆ ಕಾಣಲಿಲ್ಲವೋ ಎಂದು ವಾದಿಸಲು ಶಿಕ್ಷಕರು ಕಲಿಯದಿದ್ದರೆ, ಅಜ್ಞಾತ ಉತ್ತರವೂ ಜ್ಞಾತ ಉತ್ತರದಷ್ಟೇ ನಿಷ್ಫಲ. ಯಾವುದನ್ನು ದತ್ತಾಂಶವೆಂದು ಎಣಿಸಬೇಕೆಂಬ ತೀರ್ಮಾನ ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ಒರೆಗಲ್ಲು.

ಈ ಒರೆಗಲ್ಲಿಗೆ ನಿಲ್ಲುವ ಪ್ರಯೋಗವೊಂದು ಫಾಸ್ಟ್ ಪ್ಲಾಂಟ್ಸ್‌ನ ಬತ್ತಳಿಕೆಯಲ್ಲಿಯೇ ಇದ್ದು, ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಎಲೆಯ ಮೇಲಿನ ರೋಮಗಳನ್ನು ಎಣಿಸಿ, ಹೆಚ್ಚು ರೋಮವಿರುವ ಕೆಲವೇ ಗಿಡಗಳನ್ನು ತಮ್ಮತಮ್ಮಲ್ಲಿ ಸಂಕರಿಸಿ, ಮುಂದಿನ ಪೀಳಿಗೆಯಲ್ಲಿ ಸರಾಸರಿ ಎಷ್ಟು ಏರಿತೆಂದು ನೋಡುವ ಆಯ್ಕೆಯ ಪ್ರಯೋಗವದು. ಆಯ್ದ ಗಿಡಗಳ ಸರಾಸರಿ ಇಡೀ ತಟ್ಟೆಯ ಸರಾಸರಿಗಿಂತ 20 ರೋಮಗಳಷ್ಟು ಹೆಚ್ಚಿದ್ದು, ಸಂತತಿಯ ಸರಾಸರಿ 8ರಷ್ಟು ಮಾತ್ರ ಏರಿದರೆ, 8ನ್ನು 20ರಿಂದ ಭಾಗಿಸಿ ಬರುವ 0.4 ಆ ಗುಣದ ಅನುವಂಶೀಯತೆಯ ಅಂದಾಜು, ಅಂದರೆ ಆಯ್ಕೆಯಿಂದ ದೊರೆತ ಹೆಚ್ಚಳದಲ್ಲಿ ಸಂತತಿಗೆ ದಾಟಿದ ಪಾಲು. ಯಾವ ಎಲೆ, ಅದರ ಯಾವ ಭಾಗ ಎಂಬುದನ್ನು ಶಿಕ್ಷಕರೇ ಗೊತ್ತುಮಾಡಬೇಕು. ಏರಿಕೆ ಆಯ್ಕೆಯಿಂದಲೇ ಬಂತೇ, ಬೆಳಕು ಗೊಬ್ಬರಗಳ ವ್ಯತ್ಯಾಸದಿಂದ ಬಂತೇ ಎಂದು ತಿಳಿಯಲು ಆಯ್ಕೆಗೊಳಪಡದ ಗಿಡಗಳ ಸಂತತಿಯನ್ನೂ ಪಕ್ಕದಲ್ಲಿ ಬೆಳೆಸಬೇಕು. ಇಲ್ಲಿ ನೆಚ್ಚಿಕೊಳ್ಳಲು ಪಠ್ಯಪುಸ್ತಕದ ಅನುಪಾತವಿಲ್ಲ.

ಇದಕ್ಕೆ ಸುಮಾರು ಎಂಟು ವಾರ ಬೇಕಾಗುವುದರಿಂದ ರಜೆಯಲ್ಲಿ ಒಂದೆರಡು ವಾರ ನಡೆಯುವ ಕಮ್ಮಟಕ್ಕೆ ಇದು ಒಗ್ಗುವುದಿಲ್ಲ. ಕಾಂಡದ ಬಣ್ಣ ಬಿತ್ತಿದ ಮೂರು ನಾಲ್ಕು ದಿನಗಳಲ್ಲೇ ಕಾಣುವ ಕಾರಣ, ಸಿದ್ಧ ಬೀಜ ಕೈಯಲ್ಲಿದ್ದರೆ ಮೂರಕ್ಕೊಂದರ ಪ್ರಯೋಗ ವೇಳಾಪಟ್ಟಿಯೊಳಗೆ ಸಲೀಸಾಗಿ ಕೂರುತ್ತದೆ; ಅದರ ಜನಪ್ರಿಯತೆಗೆ ಬೋಧನೆಯ ಹಿರಿಮೆಗಿಂತ ಈ ಅನುಕೂಲವೇ ದೊಡ್ಡ ಕಾರಣ. ಆದ್ದರಿಂದ ಮೊದಲ ಕೂಟದಲ್ಲಿ ಬಿತ್ತಿ, ಶಾಲೆಯಲ್ಲೇ ಬೆಳೆಸಿ, ಎಣಿಕೆಯ ತಕರಾರುಗಳೊಂದಿಗೆ ಎರಡನೆಯ ಕೂಟಕ್ಕೆ ಮರಳುವಂತೆ ಕಮ್ಮಟವನ್ನು ಪುನರ್ರಚಿಸುವವರೆಗೆ, ಅದನ್ನು ಉತ್ತಮ ಪ್ರಾತ್ಯಕ್ಷಿಕೆಯೆಂದು ಕರೆಯುವುದೇ ಪ್ರಾಮಾಣಿಕ.